ಹೊಂಡದ ಲೆಕ್ಕ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಗಣಿತದ ಮಾತೆತ್ತಿದನೆಂದು ನಗಬೇಡಿ. ಈ ಲೆಕ್ಕ ನನ್ನ ಮೇಲೆ ಬಹುಕಾಲದಿಂದ ಇರುವ ಋಣ.

ಗೋಡೆಗಳು ನೆಟ್ಟಗಿರುವ ಕೊಳದಲ್ಲಿ ತೊಡಕೇ ಇಲ್ಲ. 50 ಮೀಟರು ಉದ್ದ, 25 ಅಗಲ, 2 ಆಳದ ಈಜುಕೊಳವಾದರೆ 2500 ಘನಮೀಟರು, ಎಂದರೆ 25 ಲಕ್ಷ ಲೀಟರು ನೀರು. ಮಗ್ಗಿ ಬಲ್ಲ ಮಗುವೂ ಹೇಳೀತು. ಆದರೆ ನಮ್ಮ ತೋಟದ ಹೊಂಡಗಳು ಹಾಗಿರುವುದಿಲ್ಲ. ಮಣ್ಣು ಕುಸಿಯದಿರಲೆಂದು ಇಳಿಜಾರಾಗಿ ಅಗೆಯುತ್ತಾರೆ. ಬಾಯಿ ಹಿರಿದು, ತಳ ಕಿರಿದು.

1979ರ ಬೇಸಗೆಯಲ್ಲಿ ನಮ್ಮ ತಂದೆಯವರು ಅಂಥದೊಂದು ಹೊಂಡ ತೋಡಿಸಿದರು. ಬಾಯಿ 30 ಅಡಿಗೆ 24, ತಳ 18ಕ್ಕೆ 12, ಆಳ 10 ಅಡಿ. ಕೂಲಿ ಘನ ಅಡಿಯ ಲೆಕ್ಕದಲ್ಲಿ. ಕಾಲೇಜು ಓದುತ್ತಿದ್ದ ನಾನೇ ಕರಣಿಕ. ಉದ್ದಗಳ ಸರಾಸರಿ 24, ಅಗಲಗಳ ಸರಾಸರಿ 18. ಹತ್ತರಿಂದ ಗುಣಿಸಿ 4320 ಎಂದು ಬರೆದೆ. ಮೇಸ್ತ್ರಿ ತಲೆ ಕೆರೆದುಕೊಂಡು, "ಸಣ್ಣಯ್ಯೋರೆ, ನಾವು ಹೊತ್ತ ಬುಟ್ಟಿ ಇದಕ್ಕಿಂತ ಜಾಸ್ತಿ ಐತೆ" ಎಂದ. ಅಗೆದ ಮಣ್ಣು ಅರಳುತ್ತದೆ, ಬುಟ್ಟಿಯ ಎಣಿಕೆ ಹೆಚ್ಚೇ ಬರುತ್ತದೆ ಎಂದೆ. ಆ ಮಾತೇನೋ ನಿಜ. ನಿಜವಾದ ಮಾತಿನಿಂದಲೇ ಅವನ ಬಾಯಿ ಮುಚ್ಚಿಸಿದೆ.

ಮುಂದೆ ಅಧ್ಯಾಪಕನಾಗಿ ನೃಪತುಂಗನ ಕಾಲದ ಪಾಠಕ್ಕೆ ಸಿದ್ಧತೆ ನಡೆಸಿದ್ದಾಗ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಕೈಗೆ ಬಂತು. ಒಂಬತ್ತನೆಯ ಶತಮಾನದ ಆ ಸಂಸ್ಕೃತ ಗ್ರಂಥದಲ್ಲಿ ಅಗೆತಕ್ಕೆಂದೇ ಒಂದು ಅಧ್ಯಾಯವಿದೆ. ಬಾಹುಗಳ ಸರಾಸರಿಯಿಂದ ಬರುವುದು ಕರ್ಮಾಂತಿಕ ಫಲ. ಬಾಯಿ ತಳಗಳ ಕ್ಷೇತ್ರಫಲಗಳ ಸರಾಸರಿಯಿಂದ ಬರುವುದು ಔಂಡ್ರ ಫಲ. ಎರಡೂ ಸ್ಥೂಲವೇ. ಅವುಗಳ ಅಂತರದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಭಾಸ್ಕರನು 1150ರ 'ಲೀಲಾವತಿ'ಯಲ್ಲಿ ಇದೇ ಮೊತ್ತಕ್ಕೆ ಬೇರೆ ದಾರಿಯಿಂದ ಬರುತ್ತಾನೆ: ಬಾಯಿಯ ಕ್ಷೇತ್ರ, ತಳದ ಕ್ಷೇತ್ರ, ಎರಡರ ಬಾಹುಗಳನ್ನು ಕೂಡಿಸಿ ಪಡೆದ ಕ್ಷೇತ್ರ, ಮೂರನ್ನೂ ಸೇರಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸುವುದು. ಅವನ ಬಾವಿಯ ಬಾಯಿ 12ಕ್ಕೆ 10 ಮೊಳ, ತಳ ಅದರ ಅರ್ಧ, ಆಳ 7. ಉತ್ತರ 490 ಘನಮೊಳ. ಮಹಾವೀರನ ದಾರಿಯಲ್ಲೂ ಅಷ್ಟೇ ಬರುತ್ತದೆ. ಕಾಗದ ಹಿಡಿದು ನೋಡಿ, ಸಂತೋಷವಾಗುತ್ತದೆ.

ನನಗೆ ಮಾತ್ರ ಅಂದು ಸಂತೋಷವಾಗಲಿಲ್ಲ. ನೆನಪಾದದ್ದು ನಮ್ಮ ಹೊಂಡ. ಕರ್ಮಾಂತಿಕ 4320, ಔಂಡ್ರ 4680, ಅಂತರ 360, ಅದರ ಮೂರನೆಯ ಒಂದು ಪಾಲು 120. ಸೂಕ್ಷ್ಮಫಲ 4440. ತಪ್ಪು ಅಡಗಿದ್ದುದು ನಾಲ್ಕು ಮೂಲೆಗಳಲ್ಲಿ. ಎರಡು ಇಳಿಜಾರು ಕೂಡುವ ಒಂದೊಂದು ಮೂಲೆಯಲ್ಲೂ 30 ಘನ ಅಡಿ ನನ್ನ ಸರಾಸರಿಗೆ ಸಿಕ್ಕದೆ ಜಾರಿತ್ತು. ನೀರಿನ ಮಾತಿನಲ್ಲಿ ಹೇಳುವುದಾದರೆ, ಸುಮಾರು 1,25,700 ಲೀಟರು ಹಿಡಿಯುವ ಹೊಂಡದಲ್ಲಿ 3400 ಲೀಟರಿನಷ್ಟು ಜಾಗವನ್ನು ಆ ಜನ ಬಿಟ್ಟಿ ತೋಡಿದ್ದರು. ವಿಚಿತ್ರವೆಂದರೆ ಆ ಮಳೆಗಾಲದಲ್ಲಿ ಹೊಂಡ ತುಂಬಿದಾಗ ನೀರು ನನ್ನ ಲೆಕ್ಕವನ್ನು ಕೇಳಲಿಲ್ಲ, ಮೂಲೆಗಳಿಗೂ ಹರಿದು ನಿಂತಿತು. ನಾನು ದಡದಲ್ಲಿ ನಿಂತು ನೋಡಿದವನೇ.

ಮೇಸ್ತ್ರಿಯ ಊರನ್ನು ವಿಚಾರಿಸಿದೆ. ತಂದೆಯವರಿಗೆ ನೆನಪಿರಲಿಲ್ಲ, ಬೇಸಗೆಗೆ ಬಂದು ಮಳೆಗೆ ಹೋಗುವ ಜನ, ಎಂದರು. ಹೊಂಡ ಈಗ ಅರ್ಧ ಹೂತಿದೆ. ಬರುವ ಬೇಸಗೆಗೆ ಹೂಳು ತೆಗೆಸುವುದಿದೆ. ಈ ಸಲ ಟೇಪಿನ ಒಂದು ತುದಿಯನ್ನು ಕೆಲಸದವರ ಕೈಯಲ್ಲಿ ಕೊಟ್ಟು, ಮೂಲೆಯಿಂದಲೇ ಅಳತೆ ಮೊದಲು ಮಾಡುತ್ತೇನೆ.