ಹೊಸ ಶಾಕ್ ಹಾಕಿಸಿದ ಮೇಲೆ ಬೈಕ್ ಮಾತು ಕೇಳ್ತಿಲ್ವಾ?

ಇವತ್ತು ನನ್ನದೇ ಒಂದು ತಪ್ಪಿನ ಕತೆ ಹೇಳ್ತೀನಿ. ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸೋ ಪ್ಲಾನ್ ಇದ್ರೆ ಪೂರ್ತಿ ಕೇಳಿ.

ಕಂಪನಿ ಕೊಟ್ಟ ಮೊನೊಶಾಕ್ ತೆಗೆಸಿ, ಹೊರಗಿನ ದುಬಾರಿ ಶಾಕ್ ಹಾಕಿಸಿದ್ದೆ. ಒಬ್ಬನೇ ಓಡಿಸಿದಾಗ ಬೆಣ್ಣೆ ಥರ ಇತ್ತು. ಆಮೇಲೆ ತಂಗಿಯನ್ನ ಹಿಂದೆ ಕೂರಿಸಿಕೊಂಡು, ಬ್ಯಾಗ್ ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೋದೆ. ವಾಪಸ್ ಬರೋವಾಗ ಚಾರ್ಮಾಡಿ ಘಾಟಿ ಹತ್ತುತ್ತಾ ಒಂದು ಎಡ ತಿರುವಲ್ಲಿ ಬೈಕ್ ತಿರುಗಲೇ ಇಲ್ಲ. ರಸ್ತೆಯ ನಡುಗೆರೆ ದಾಟಿ ಬಲಕ್ಕೆ ಹೋಯ್ತು. ಎದುರಿಗೆ ಬಸ್. ಡ್ರೈವರ್ ಬ್ರೇಕ್ ಹಾಕಿದ್ರಿಂದ ಇವತ್ತು ಮಾತಾಡ್ತಿದೀನಿ. ತಂಗಿ ಕೊಟ್ಟಿಗೆಹಾರದವರೆಗೂ ಒಂದು ಮಾತೂ ಆಡಲಿಲ್ಲ. ಅಲ್ಲಿ ಇಳಿದು, "ಅಣ್ಣಾ, ಇದು ಸರಿಯಾಗೋವರೆಗೂ ನಾನು ಹತ್ತಲ್ಲ" ಅಂದ್ಳು.

ಮೊದಲು ಮುಂದಿನ ಟೈರ್ ಮೇಲೆ ಅನುಮಾನ ಬಂತು. ಗಾಳಿ ಸರಿಯಾಗೇ ಇತ್ತು. ಚಕ್ರ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದೆ, ಬೇರಿಂಗಲ್ಲಿ ಆಟ ಇರಲಿಲ್ಲ. ಆಮೇಲೆ ಟೇಪ್ ತಗೊಂಡೆ.

ಲೆಕ್ಕ ಸುಲಭ. ಹಿಂದಿನ ಚಕ್ರ ನೆಲ ಬಿಟ್ಟಿರೋ ಹಾಗೆ ನಿಲ್ಲಿಸಿ, ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತಿನವರೆಗೆ ಅಳೆಯಿರಿ. ನನ್ನದು 600 ಮಿ.ಮೀ. ಹೆಲ್ಮೆಟ್ ಹಾಕಿ ಕೂತೆ, ಗೆಳೆಯ ಹ್ಯಾಂಡಲ್ ಹಿಡಿದ, ತಂಗಿ ಅಳೆದಳು: 560. ಅಂದ್ರೆ 40 ಕುಸಿದಿದೆ. ಇದಕ್ಕೆ ಸ್ಯಾಗ್ ಅಂತಾರೆ. ನನ್ನ ಹಿಂದಿನ ಚಕ್ರದ ಒಟ್ಟು ಓಡಾಟ 150. ಅದರ ಮೂರನೇ ಒಂದು ಭಾಗದ ಆಸುಪಾಸು ಇದ್ರೆ ರಸ್ತೆಗೆ ಸಾಕು. ಒಬ್ಬನಿಗೆ ಸರಿ.

ಆಮೇಲೆ ತಂಗಿಯೂ ಬ್ಯಾಗ್ ಸಮೇತ ಕೂತಳು, ಟೇಪು ಅಮ್ಮನ ಕೈಗೆ ಹೋಯ್ತು. 526! ನಿಂತಲ್ಲೇ 74 ಕುಸಿದಿದೆ, ಅರ್ಧ ಖಾಲಿ. ಹಿಂಭಾಗ ಕೂತ್ರೆ ಮುಂದಿನ ಫೋರ್ಕ್ ಹೆಚ್ಚು ಓರೆಯಾಗುತ್ತೆ, ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗುತ್ತೆ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ರೆ ಇನ್ನೂ ಕೂರುತ್ತೆ. ಬೈಕ್ ತಿರುಗದೇ ಹೊರಕ್ಕೆ ಜಾರೋದು ಅದಕ್ಕೇ.

ಪ್ರೀಲೋಡ್ ರಿಂಗ್ ಬಿಗಿ ಮಾಡಿ ಇಬ್ಬರಿಗೆ 50ಕ್ಕೆ ತಂದೆ. ಅರ್ಧ ಸಮಸ್ಯೆ ಹೋಯ್ತು. ಆದ್ರೆ ಸಾಲು ಗುಂಡಿಗಳಲ್ಲಿ ಹಿಂಭಾಗ ಮತ್ತೆ ಕೂರ್ತಿತ್ತು. ಸೀಟು ಒತ್ತಿ ಬಿಟ್ಟು ನೋಡಿದೆ, ನಿಧಾನಕ್ಕೆ, ಸೋಮಾರಿ ಥರ ಮೇಲೆ ಬಂತು. ರಿಬೌಂಡ್ ಸ್ಕ್ರೂ ಪೂರ್ತಿ ಬಿಗಿ ಇತ್ತು. ಒಂದು ಗುಂಡಿಯಿಂದ ಏಳೋ ಮೊದಲೇ ಇನ್ನೊಂದು ಗುಂಡಿ ಬರ್ತಿತ್ತು, ಸ್ಪ್ರಿಂಗ್‌ಗೆ ಪುರುಸೊತ್ತೇ ಇಲ್ಲ. ಎರಡೆರಡು ಕ್ಲಿಕ್ ಸಡಿಲಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿದೆ. ಪೂರ್ತಿ ಸಡಿಲ ಮಾಡಿದ್ರೂ ತಪ್ಪು, ಬೈಕ್ ಹಂಪ್ ಮೇಲೆ ಒದೆಯುತ್ತೆ.

ನಾನು ಬಿಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಆದ್ರೆ ಓಪನಿಂಗ್ ಬ್ಯಾಲೆನ್ಸ್ ಬರೆಯದೇ ಲೆಕ್ಕ ಶುರು ಮಾಡಬಾರದು ಅಂತ ಗೊತ್ತಿರಬೇಕಿತ್ತು. ಹಳೇ ಶಾಕ್ ಬಿಚ್ಚೋ ಮೊದಲೇ ಅದರ ಉದ್ದ, ಸ್ಯಾಗ್ ಬರೆದಿಡಿ. ಹೊಸದು ಉದ್ದ ಇದ್ರೆ ಹಿಂಭಾಗ ಎತ್ತರವಾಗಿ ಹ್ಯಾಂಡಲ್ ಚುರುಕಾಗುತ್ತೆ, ವೇಗದಲ್ಲಿ ನಡುಗಲೂಬಹುದು. ಚೈನ್ ಸಡಿಲ, ಹೆಡ್‌ಲೈಟ್ ಎತ್ತರ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ಈಗ ಸೀಟಿನ ಕೆಳಗೆ ಒಂದು ಚೀಟಿ ಇದೆ: ಒಬ್ಬನಿಗೆ ಇಷ್ಟು, ಇಬ್ಬರಿಗೆ ಇಷ್ಟು. ಹೋದ ಭಾನುವಾರ ತಂಗಿ ಮತ್ತೆ ಹತ್ತಿದಳು. ಹತ್ತೋ ಮೊದಲು ಕೇಳಿದ್ದು ಒಂದೇ: "ಚೀಟಿ ನೋಡಿದ್ಯಾ?"

ನೀವೂ ನೋಡಿ. ಮುಂದಿನ ವಾರ ಸಿಗೋಣ.