ಪಂಚಾಯಿತಿ ವಾಹನಗಳ ಎಂಜಿನ್ ಆಯಿಲ್: ದರ್ಜೆಯ ಅರಿವು ಮತ್ತು ಸರಿಯಾದ ಆಯ್ಕೆ

(ಬೆಂಗಳೂರು ಪೂರ್ವ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಎತ್ತಿನ ಗಾಡಿಯ ಕಾಲದಲ್ಲಿ ದೂರದ ಪಯಣಕ್ಕೆ ಹೊರಟ ರೈತನು ಕೀಲೆಣ್ಣೆಯನ್ನು ಮರೆಯುತ್ತಿರಲಿಲ್ಲ. ಅಚ್ಚು ಒಣಗಿದರೆ ಗಾಡಿ ಊರು ಸೇರದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಂದು ಪಂಚಾಯಿತಿಗಳ ಬಳಿ ಸ್ವಚ್ಛ ವಾಹಿನಿ, ಟ್ರ್ಯಾಕ್ಟರ್, ಡೀಸೆಲ್ ಜನರೇಟರ್ ಮುಂತಾದ ಯಂತ್ರಗಳಿವೆ. ಇವುಗಳ ಕೀಲೆಣ್ಣೆಯ ವಿಚಾರ ಮಾತ್ರ ಹಲವೊಮ್ಮೆ ಬಿಲ್ಲಿನ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: “ಎಂಜಿನ್ ಆಯಿಲ್, 5 ಲೀಟರ್.” ಯಾವ ದರ್ಜೆಯದು, ಯಾವ ಗುಣಮಟ್ಟದ್ದು ಎಂಬುದು ಆ ಸಾಲಿನಲ್ಲಿ ಇಲ್ಲವಾದರೆ, ಸಭೆಯು ಹಣಕ್ಕೆ ಒಪ್ಪಿಗೆ ನೀಡಿದಂತಾಗುತ್ತದೆಯೇ ಹೊರತು ಎಣ್ಣೆಗಲ್ಲ.

ಡಬ್ಬಿಯ ಮೇಲಿರುವ 15ಡಬ್ಲ್ಯೂ-40, 20ಡಬ್ಲ್ಯೂ-40, 5ಡಬ್ಲ್ಯೂ-30 ಎಂಬ ಗುರುತುಗಳು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದವಾಗಿ ಅಥವಾ ಸರಾಗವಾಗಿ ಹರಿಯುತ್ತದೆ ಎಂಬುದನ್ನು ತಿಳಿಸುತ್ತವೆ. ‘ಡಬ್ಲ್ಯೂ’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆಯ ನಡತೆಯನ್ನು ಸೂಚಿಸುತ್ತದೆ; ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ. ಕೊನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಮಂದತೆಯನ್ನು ಸೂಚಿಸುತ್ತದೆ. 40ರ ಎಣ್ಣೆ 30ರ ಎಣ್ಣೆಗಿಂತ ಬಿಸಿಯಲ್ಲಿ ಹೆಚ್ಚು ಮಂದವಾಗಿ ಉಳಿಯುತ್ತದೆ. ಈ ಅಂಕಿಗಳು ಗುಣದ ಅಂಕಗಳಲ್ಲ. ಆದುದರಿಂದ 40 ಎಂಬುದು 30ಕ್ಕಿಂತ ಉತ್ತಮವೆಂದು ಭಾವಿಸಲಾಗದು.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿಯಲ್ಲಿ; ಅತಿ ಹೆಚ್ಚಿನದು 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. 20ಡಬ್ಲ್ಯೂ ಎಣ್ಣೆಯ ಚಳಿ ಪರೀಕ್ಷೆ ನಡೆಯುವುದೇ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ. ಆದ್ದರಿಂದ ಈ ಊರಿನ ಚಳಿಗೆ ಯಾವ ದರ್ಜೆಯೂ ಹೆಪ್ಪುಗಟ್ಟುವ ಭಯವಿಲ್ಲ. ಹಾಗೆಂದು ಕೈಗೆ ಸಿಕ್ಕಿದ್ದನ್ನು ಸುರಿಯಲಾಗದು. ಎಂಜಿನ್ನಿನ ಬಿಡಿಭಾಗಗಳ ನಡುವಿನ ಸಂದು, ಎಣ್ಣೆ ಪಂಪಿನ ಶಕ್ತಿ ಇವೆಲ್ಲವೂ ಒಂದು ನಿರ್ದಿಷ್ಟ ದರ್ಜೆಗೆ ಹೊಂದಿಕೊಂಡಿರುತ್ತವೆ. 5ಡಬ್ಲ್ಯೂ-30 ಬೇಡುವ ಎಂಜಿನ್ನಿಗೆ “ದಪ್ಪಗಿದ್ದರೆ ಒಳ್ಳೆಯದು” ಎಂದು 20ಡಬ್ಲ್ಯೂ-50 ಹಾಕಿದರೆ ಮುಂಜಾನೆ ಚಾಲೂ ಮಾಡಿದಾಗ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ. ತೀರಾ ತೆಳುವಾದದ್ದನ್ನು ಹಾಕಿದರೆ ಬಿಸಿಯಲ್ಲಿ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ.

ಸ್ನಿಗ್ಧತೆಯ ಜೊತೆಗೆ ಗುಣಮಟ್ಟದ ಗುರುತನ್ನೂ ನೋಡಬೇಕು. ಎಪಿಐ ಗುರುತಿನಲ್ಲಿ ‘ಎಸ್’ನಿಂದ ಆರಂಭವಾಗುವ ಎಸ್‌ಎನ್, ಎಸ್‌ಪಿ ಮೊದಲಾದವು ಪೆಟ್ರೋಲ್ ಎಂಜಿನ್ನಿಗೆ, ‘ಸಿ’ಯಿಂದ ಆರಂಭವಾಗುವ ಸಿಎಚ್-4, ಸಿಐ-4, ಸಿಕೆ-4 ಮೊದಲಾದವು ಡೀಸೆಲ್ ಎಂಜಿನ್ನಿಗೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ವಾಹನದ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿದ್ದರೆ, ಅದಕ್ಕೆ ಕಡಿಮೆ ಬೂದಿ ಬಿಡುವ ಎಣ್ಣೆಯೇ ಬೇಕು. ಹಳೆಯ ಮಾದರಿಯ ಅಗ್ಗದ ಎಣ್ಣೆಯಿಂದ ಶೋಧಕ ಕಟ್ಟಿಕೊಂಡರೆ, ಅದನ್ನು ಬದಲಿಸುವ ವೆಚ್ಚದ ಮುಂದೆ ಡಬ್ಬಿಯಲ್ಲಿ ಉಳಿಸಿದ ಹಣ ಲೆಕ್ಕಕ್ಕೇ ಬಾರದು. ನೀರುಗಂಟಿಯ ಮೋಟಾರ್ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಕ್ಲಚ್ ಸಹ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದಕ್ಕೆ ಜಾಸೋ ಎಂಎ ಅಥವಾ ಎಂಎ2 ಗುರುತಿನ ಎಣ್ಣೆ ಬೇಕು. ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು. ವಿದ್ಯುತ್ ಆಟೋಗಳಿಗಂತೂ ಎಂಜಿನ್ ಆಯಿಲ್ಲೇ ಬೇಡ. ಅವುಗಳ ಹೆಸರಿನಲ್ಲಿ ಬಿಲ್ ಬಂದರೆ ಸದಸ್ಯರು ಪ್ರಶ್ನಿಸಬೇಕು.

ಎಣ್ಣೆ ಬದಲಿಸುವ ಅವಧಿಯಲ್ಲಿಯೂ ಎಚ್ಚರ ಅಗತ್ಯ. ಕಸ ಸಂಗ್ರಹಿಸುವ ವಾಹನ ಮನೆಯಿಂದ ಮನೆಗೆ ನಿಂತು ನಿಂತು ಸಾಗುತ್ತದೆ. ಕೃಷ್ಣರಾಜಪುರದ ತೂಗುಸೇತುವೆಯ ಬಳಿ ದಟ್ಟಣೆಯಲ್ಲಿ ಸಿಲುಕಿದ ಟ್ಯಾಂಕರಿನದೂ ಅದೇ ಪಾಡು. ಓಡಿದ ಕಿಲೋಮೀಟರ್ ಕಡಿಮೆ, ಎಂಜಿನ್ ಉರಿದ ಗಂಟೆಗಳು ಹೆಚ್ಚು. ಇಂತಹ ಕಠಿಣ ಬಳಕೆಗೆ ತಯಾರಕರ ಕೈಪಿಡಿಯಲ್ಲಿ ಪ್ರತ್ಯೇಕವಾದ ಕಡಿಮೆ ಅವಧಿ ಇದ್ದರೆ ಅದನ್ನೇ ಪಾಲಿಸಬೇಕು. ಟ್ರ್ಯಾಕ್ಟರ್ ಮತ್ತು ಜನರೇಟರ್‌ಗಳಿಗೆ ಗಂಟೆಯ ಲೆಕ್ಕವೇ ಸರಿ. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗ ಕಪ್ಪಾಗುವುದು ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ. ಬಣ್ಣವೊಂದನ್ನೇ ನೋಡಿ ತೀರ್ಮಾನಿಸಲಾಗದು. ಕೃಷ್ಣರಾಜಪುರದಲ್ಲಿ ರೈಲ್ವೆಯ ಡೀಸೆಲ್ ಲೋಕೋ ಶೆಡ್ ಇದೆ. ಇಂತಹ ಶೆಡ್‌ಗಳಲ್ಲಿ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದರಲ್ಲಿ ಸೇರಿದ ಕಬ್ಬಿಣ, ತಾಮ್ರದ ಕಣಗಳಿಂದ ಎಂಜಿನ್ನಿನ ಸವೆತವನ್ನು ಅರಿಯುವ ಪದ್ಧತಿಯುಂಟು. ಪಂಚಾಯಿತಿಗೆ ಪ್ರಯೋಗಾಲಯವಿಲ್ಲ, ಆದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ ಮತ್ತು ಒಂದು ದಾಖಲೆ ಪುಸ್ತಕ ಇವೆರಡೂ ಇವೆ. ಸ್ವಚ್ಛ ವಾಹಿನಿಯನ್ನು ನಡೆಸುವ ಸ್ವಸಹಾಯ ಸಂಘದ ಮಹಿಳೆಯರು ದಿನವೂ ಎಣ್ಣೆಯ ಮಟ್ಟವನ್ನು ಬರೆದಿಟ್ಟರೆ ಅದೇ ಮೊದಲ ಪರೀಕ್ಷೆ. “ಎಣ್ಣೆ ಕಡಿಮೆಯಾಗುತ್ತಿದೆ” ಎಂದು ಅವರು ಹೇಳಿದರೆ ಅದನ್ನು ದೂರೆಂದು ಬದಿಗಿಡದೆ ವರದಿಯೆಂದು ಸ್ವೀಕರಿಸಬೇಕು.

ತೆಗೆದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಚರಂಡಿಗೆ ಚೆಲ್ಲಿದರೆ ಮಳೆನೀರಿನೊಡನೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಂತಹ ಜಲಮೂಲಗಳನ್ನು ಸೇರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಸಂಗ್ರಹಿಸಿ, ಅನುಮತಿ ಪಡೆದ ಮರುಸಂಸ್ಕರಣೆದಾರರಿಗೇ ಕೊಟ್ಟು ರಸೀದಿ ಪಡೆಯಬೇಕು. ಖಾಲಿ ಡಬ್ಬಿಗಳಿಗೆ ರಂಧ್ರ ಕೊರೆದು ವಿಲೇವಾರಿ ಮಾಡಬೇಕು. ಇಲ್ಲವಾದರೆ ನಕಲಿ ಎಣ್ಣೆ ತುಂಬಿ ಮರಳಿ ಮಾರುವವರಿಗೆ ಅವು ಅನುಕೂಲವಾಗುತ್ತವೆ.

ಮುಂದಿನ ಸಭೆಯಲ್ಲಿ ಸದಸ್ಯರು ಮೂರು ನಿರ್ಣಯಗಳನ್ನು ಕೈಗೊಳ್ಳಬಹುದು. ಒಂದು, ಪ್ರತಿ ವಾಹನದ ಕೈಪಿಡಿಯಿಂದ ಎಣ್ಣೆಯ ದರ್ಜೆ, ಗುಣಮಟ್ಟ, ಪ್ರಮಾಣ ಮತ್ತು ಬದಲಿಸುವ ಅವಧಿಯನ್ನು ಬರೆದು ಕಚೇರಿಯ ಗೋಡೆಗೆ ಅಂಟಿಸುವುದು. ಎರಡು, ಖರೀದಿ ಆದೇಶ ಹಾಗೂ ಬಿಲ್ಲಿನಲ್ಲಿ ದರ್ಜೆ, ಗುಣಮಟ್ಟ, ವಾಹನದ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಪಾವತಿಗೆ ಒಪ್ಪದಿರುವುದು. ಮೂರು, ತೆಗೆದ ಎಣ್ಣೆಯ ಲೆಕ್ಕವನ್ನು ಹಾಕಿದ ಎಣ್ಣೆಯ ಲೆಕ್ಕದ ಪಕ್ಕದಲ್ಲಿಯೇ ಇಡುವುದು.

ಎಂಜಿನ್ ಕೆಟ್ಟು ಕಸದ ಗಾಡಿ ಒಂದು ವಾರ ನಿಂತರೆ ಕಸ ನಿಲ್ಲುವುದಿಲ್ಲ. ಬೀದಿಯ ಮೂಲೆಯಲ್ಲಿ ರಾಶಿ ಬೀಳುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ಎಣ್ಣೆ ಮಾರಿದವರಲ್ಲ, ಬಿಲ್ಲಿಗೆ ಒಪ್ಪಿಗೆ ನೀಡಿದ ಸದಸ್ಯರು.