ಹೊಳೆ ಯಾರ ಸ್ವತ್ತು?

(ಹೊಳೆದಂಡೆಯ ರೈತ-ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಪ್ರಶ್ನೆ, ಭೂಮಿಯ ಪ್ರಶ್ನೆ, ದವಸದ ಬೆಲೆಯ ಪ್ರಶ್ನೆ, ಇವುಗಳ ಬಗ್ಗೆ ನಾವು ಸಭೆ ಸೇರುವುದು ವಾಡಿಕೆ. ಇಂದು ಗಾಳಿ, ನೀರು, ಮಣ್ಣಿನ ವಿಷಯ ಮಾತನಾಡಲು ಸೇರಿದ್ದೇವೆ. ಇದು ಹೊಟ್ಟೆ ತುಂಬಿದವರ ಚಿಂತೆ ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಹೊಳೆ ಕೆಟ್ಟರೆ ಹಣವಂತನು ನೀರನ್ನು ಕೊಂಡು ಕುಡಿಯುತ್ತಾನೆ. ಹೊಳೆಯಲ್ಲೇ ದನ ತೊಳೆದು, ಹೊಳೆಯಲ್ಲೇ ಬಲೆ ಬೀಸಿ, ಹೊಳೆಯ ನೀರನ್ನೇ ಕುಡಿಯಬೇಕಾದವನು ಎಲ್ಲಿಗೆ ಹೋಗಬೇಕು?

ಮಾಲಿನ್ಯವೆಂಬುದು ಹಲವು ಬಗೆ. ಮೊದಲನೆಯದು ಗಾಳಿಯದು. ಕಲ್ಲಿದ್ದಲು, ಡೀಸೆಲ್, ಕಸ ಇವೆಲ್ಲ ಉರಿದು ಏಳುವ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಬ್ಬಸವನ್ನೂ ಹೃದ್ರೋಗವನ್ನೂ ತರುತ್ತವೆ. 1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲಿನ ಹೊಗೆ ಐದು ದಿನ ಕವಿದು ನಿಂತು ಸಾವಿರಾರು ಜನ ಸತ್ತರು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಮೊದಲು ಬಲಿಯಾದವರು ಗೋಡೆಯಾಚೆಯ ಜೋಪಡಿಗಳ ಬಡವರು. ಎರಡನೆಯದು ಮಣ್ಣಿನದು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಆದರೆ ಅಲ್ಲಿಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುತ್ತಿರುವ ತಾಯಂದಿರ ಕಷ್ಟವನ್ನು ಯಾವ ತೀರ್ಪೂ ತೆಗೆಯಲಾರದು.

ಮೂರನೆಯದು ನೀರಿನದು. ಇದು ನಮ್ಮ ಬಾಗಿಲಿಗೆ ಬಂದಿರುವ ಪ್ರಶ್ನೆ. ಆದುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೊಳೆಯ ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ಮೀನು ಉಸಿರಾಡುವುದು ಅದನ್ನೇ. ಕಾರ್ಖಾನೆಯ ಕೊಳೆಯಾಗಲಿ, ಪಟ್ಟಣದ ಚರಂಡಿಯಾಗಲಿ ಹೊಳೆಗೆ ಬಿದ್ದಾಗ ಆ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ವೃದ್ಧಿಯಾಗಿ, ಇದ್ದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ, ಕೊಳೆ ಮಾತ್ರ ಅಷ್ಟೇ. ಹೊಳೆಯ ಕಷ್ಟ ಬೇಸಿಗೆಯಲ್ಲಿ ಹೆಚ್ಚಾಗುವುದು ಇದರಿಂದ.

ತುಂಗಭದ್ರೆಯ ದಂಡೆಯಲ್ಲಿ ನಡೆದದ್ದನ್ನು ನೆನೆಯಿರಿ. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ರೇಯಾನ್ ತಿರುಳು ಮಾಡುವ ಕಾರ್ಖಾನೆ ಬಂದಿತು. 1980ರ ದಶಕದಲ್ಲಿ ಕೆಳದಂಡೆಯ ಬೆಸ್ತರು, ಮೀನು ಸತ್ತು ತೇಲುತ್ತಿದೆ, ಬಲೆ ಬರಿದಾಗಿದೆ ಎಂದು ದೂರಿಕೊಂಡರು. ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಹಳ್ಳಿಗೆ ಹೋಗಿ ಜನರನ್ನು ಕಟ್ಟಿದರು. ಅದೇ ಕಾಲಕ್ಕೆ ಕಾರ್ಖಾನೆಗೆ ಮರ ಒದಗಿಸಲೆಂದು ಸರ್ಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಹುಟ್ಟಿಸಿ, ಹಳ್ಳಿಗರ ದನ ಮೇಯುವ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಗೊತ್ತುಮಾಡಿದವು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವೆಂದು ಅದು ಹೆಸರಾಯಿತು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. ಲಾಠಿ ಹಿಡಿಯದ ಬಡ ಹಳ್ಳಿಗರು ಸಾಧಿಸಿದ್ದು ಇದು.

ಇಲ್ಲಿ ಒಂದು ಕಷ್ಟದ ಮಾತನ್ನು ಆಡಲೇಬೇಕು. ಇಂಥ ಹೋರಾಟ ಎದ್ದಾಗಲೆಲ್ಲ ಮಾಲೀಕರು ಕಾರ್ಮಿಕರ ಕಿವಿಯಲ್ಲಿ, “ನೋಡಿ, ಇವರು ನಿಮ್ಮ ಅನ್ನ ಕಸಿಯಲು ಬಂದಿದ್ದಾರೆ” ಎಂದು ಊದುತ್ತಾರೆ. ಬೆಸ್ತನಿಗೂ ಕಾರ್ಮಿಕನಿಗೂ ಜಗಳ ಹಚ್ಚಿದರೆ ಮಾಲೀಕನು ನಿಶ್ಚಿಂತ. ಈ ಸಭೆಯಲ್ಲಿ ಇಬ್ಬರೂ ಇದ್ದೀರಿ. ಕಾರ್ಖಾನೆಯೊಳಗಿನ ಕ್ಲೋರಿನ್ ಘಾಟನ್ನು ಮೊದಲು ಕುಡಿಯುವವನು ಕಾರ್ಮಿಕ. ಪಾಳಿ ಮುಗಿಸಿ ಅವನು ಹಿಂತಿರುಗುವುದೂ ಇದೇ ಹೊಳೆದಂಡೆಯ ಮನೆಗೆ. ನಾವು ಕಾರ್ಖಾನೆ ಮುಚ್ಚಿರೆಂದು ಕೇಳುತ್ತಿಲ್ಲ. ಕೊಳೆಯನ್ನು ಶುದ್ಧಮಾಡುವ ಖರ್ಚನ್ನು ಲಾಭದಿಂದ ಕೊಡಿ, ನಮ್ಮ ಆರೋಗ್ಯದಿಂದ ಅದನ್ನು ಮುರಿದುಕೊಳ್ಳಬೇಡಿ ಎನ್ನುತ್ತಿದ್ದೇವೆ.

ತಪ್ಪು ಖಾಸಗಿಯವರದು ಮಾತ್ರವೆಂದಲ್ಲ. ಕೊಳಚೆಯನ್ನು ಶುದ್ಧಮಾಡದೆ ಹಳ್ಳಕ್ಕೆ ಬಿಡುವ ಪುರಸಭೆಗಳೂ ಪಾಲುದಾರರೇ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಊರ ಕೊಳಚೆ ತುಂಬಿ ನೊರೆ ಬೀದಿಗೆ ಹಾರಿತು. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. ನೀರು ಉರಿಯುವ ಕಾಲವನ್ನು ನಮ್ಮ ಹಿರಿಯರು ಕನಸಿನಲ್ಲಿಯೂ ಕಂಡಿರಲಾರರು.

ಕಾನೂನಿಲ್ಲವೆ? ಉಂಟು. 1974ರಲ್ಲಿ ನೀರಿಗೆ, 1981ರಲ್ಲಿ ಗಾಳಿಗೆ, ಭೋಪಾಲದ ಅನಂತರ 1986ರಲ್ಲಿ ಒಟ್ಟು ಪರಿಸರಕ್ಕೆ ಕಾಯಿದೆಗಳು ಬಂದವು. ಕೆಡಿಸಿದವನೇ ಹಾನಿಯ ವೆಚ್ಚ ಭರಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ 2023ರಲ್ಲಿ ಸಂಸತ್ತು ಪರಿಸರ ಕಾಯಿದೆಯನ್ನು ತಿದ್ದಿ, ಐದು ವರ್ಷದವರೆಗೆ ಇದ್ದ ಸೆರೆವಾಸವನ್ನು ತೆಗೆದು 10,000ದಿಂದ 15 ಲಕ್ಷ ರೂಪಾಯಿಯವರೆಗಿನ ದಂಡವನ್ನು ಇಟ್ಟಿತು. ಆ ದಂಡವನ್ನೂ ಕಟ್ಟದಿದ್ದರೆ ಮಾತ್ರ ಸೆರೆ. ಒಂದು ದೊಡ್ಡ ಕಂಪನಿಗೆ 15 ಲಕ್ಷವೆಂದರೆ ಎಷ್ಟರ ಮಾತು? ಸಂತೆಯಲ್ಲಿ ಸುಂಕ ಕೊಟ್ಟು ಗಾಡಿ ದಾಟಿಸಿದ ಹಾಗೆ ಹಣ ಕೊಟ್ಟು ಹೊಳೆ ಕೆಡಿಸಬಹುದೆಂದು ಅವರು ಲೆಕ್ಕ ಹಾಕಿದರೆ ಆಶ್ಚರ್ಯವೇನು?

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಹೊಳೆಗೆ ಬೀಳುವ ಪ್ರತಿ ಕೊಳವೆಯ ನೀರನ್ನು ಊರವರ ಎದುರಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಎರಡು, ಪುರಸಭೆಗಳಿಗೆ ಕೊಳಚೆ ಶುದ್ಧಿಯ ಯಂತ್ರಕ್ಕೆ ಹಣ ಕೊಡಬೇಕು. ಅದನ್ನು ನಡೆಸುವ ನೌಕರರನ್ನೂ ಕೊಡಬೇಕು. ಮೂರು, ನಷ್ಟವಾದ ಬೆಸ್ತರಿಗೂ ರೈತರಿಗೂ ಕೆಡಿಸಿದವರಿಂದಲೇ ಪರಿಹಾರ ಕೊಡಿಸಬೇಕು. ನಾಲ್ಕು, ಮಾಲಿನ್ಯದ ಸುದ್ದಿ ಹೊರಗೆ ಹೇಳಿದ ಕಾರ್ಮಿಕನ ನೌಕರಿಗೆ ರಕ್ಷಣೆ ಬೇಕು.

ಇವು ಅರ್ಜಿಯಿಂದಷ್ಟೇ ಬರತಕ್ಕವಲ್ಲ. ಪ್ರತಿ ದಂಡೆಯ ಊರಿನಲ್ಲಿ ರೈತರು, ಬೆಸ್ತರು, ಕಾರ್ಮಿಕರು ಕೂಡಿದ ಒಂದು ಸಮಿತಿ ಇಂದೇ ಆಗಲಿ. ಹೆಂಗಸರು ಅದರಲ್ಲಿ ಮುಂದಿರಲಿ. ನೀರು ಹೊರುವವರಿಗೆ ನೀರಿನ ಗುಣ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹೊಳೆ ಕಾರ್ಖಾನೆಯ ಚರಂಡಿಯಲ್ಲ, ಸರ್ಕಾರದ ಖಾತೆಯ ಆಸ್ತಿಯೂ ಅಲ್ಲ. ಅದನ್ನು ಕುಡಿದು ಬದುಕುವವರೆಲ್ಲರ ಸ್ವತ್ತು ಅದು. ಸ್ವತ್ತಿನ ಒಡೆಯರಂತೆ ನಾವು ನಡೆದುಕೊಳ್ಳೋಣ.